ಹಳೇ ಫ್ರೀಹ್ಯಾಂಡ್ ಫೈಲು ಬಿಚ್ಚಿದ ಅನುಭವ

ಫ್ರೀಹ್ಯಾಂಡ್ ಎಂಬ ಸಾಫ್ಟ್‌ವೇರಿನ ಹೆಸರು ಈಗ ಡಿಸೈನ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ. ಒಂದು ಕಾಲದಲ್ಲಿ ಬೆಂಗಳೂರಿನ ಜಾಹೀರಾತು ಸ್ಟುಡಿಯೋಗಳಲ್ಲಿ ಮ್ಯಾಕ್ ಮುಂದೆ ಕೂರುತ್ತಿದ್ದ ಬಹಳ ಮಂದಿಗೆ ಅದೇ ದಿನದ ಅನ್ನ. ಲೋಗೋ, ಲೇಬಲ್, ಡಬ್ಬ, ಪೋಸ್ಟರ್, ಏನೇ ಬಂದರೂ ಅದರಲ್ಲೇ ಬಿಡಿಸುತ್ತಿದ್ದರು. ನನ್ನ ಕೈ ಪಳಗಿದ್ದೂ ಅದರಲ್ಲೇ. ಆಮೇಲೆ ಅದರ ಪ್ರತಿಸ್ಪರ್ಧಿ ಇಲ್ಲಸ್ಟ್ರೇಟರ್ ಮಾಡುವ ಅಡೋಬಿ ಕಂಪನಿಯೇ ಅದನ್ನು ಕೊಂಡುಕೊಂಡಿತು. ಕೊಂಡ ಎರಡು ವರ್ಷದೊಳಗೆ ಅದರ ಬೆಳವಣಿಗೆಯನ್ನು ನಿಲ್ಲಿಸಿತು.

ಈ ವಿಷಯ ನನಗೆ ಹಳೇ ನೆನಪಾಗಿ ಉಳಿದಿತ್ತು ಅಷ್ಟೆ. ಕಳೆದ ವರ್ಷ ಒಂದು ಊದುಬತ್ತಿ ಕಂಪನಿಯಿಂದ ಫೋನ್ ಬಂದ ಮೇಲೆ ಅದು ಮತ್ತೆ ನಿತ್ಯದ ಕೆಲಸವಾಯಿತು. ಮಾಲೀಕರ ಮಗ ಮಾತಾಡಿದ. ಈಗ ವ್ಯವಹಾರ ಅವನೇ ನೋಡಿಕೊಳ್ಳುವುದು.

"ಸರ್, ನಮ್ಮ ಹಳೇ ಕಮಲದ ಪ್ಯಾಕ್ ನೀವೇ ಮಾಡಿದ್ದಂತೆ, ಅಪ್ಪ ಹೇಳಿದ್ರು. ಈಗ ಅದನ್ನೇ ವಾಪಸ್ ತರೋಣ ಅಂತಿದ್ದೀವಿ. ಜನ ಅದನ್ನೇ ಕೇಳ್ತಾರೆ. ಫೈಲ್ ಇದ್ಯಾ?"

"ಫೈಲ್ ಇದೆ. ಆದ್ರೆ ಈಗಿನ ಕಂಪ್ಯೂಟರಿನಲ್ಲಿ ತೆರೆಯೋದು ಕಷ್ಟ. ನೋಡಿ ಹೇಳ್ತೀನಿ."

"ಅಡ್ರೆಸ್ ಬದಲಾಯಿಸ್ಬೇಕು, ಬಾರ್‌ಕೋಡ್ ಹಾಕ್ಬೇಕು, ಎಂಆರ್‌ಪಿ ಪಕ್ಕ ಯೂನಿಟ್ ರೇಟ್ ಬರ್ಬೇಕು. ಅಷ್ಟೇ ಸರ್."

ಕೇಳುವುದಕ್ಕೆ ಅಷ್ಟೇ ಅಲ್ವಾ? ಫ್ರೀಹ್ಯಾಂಡ್ ಇದ್ದಿದ್ದರೆ ನಿಜಕ್ಕೂ ಅಷ್ಟೇ ಆಗಿರುತ್ತಿತ್ತು. ಅದು ಯಾಕೆ ಹಾಗೆ ಎಂದು ಹೇಳಬೇಕಾದರೆ ಆ ಫೈಲಿನ ಒಳಗೆ ಏನಿತ್ತು ಎಂದು ಹೇಳಬೇಕು.

ಊದುಬತ್ತಿಯಲ್ಲಿ ಒಂದು ಬ್ರ್ಯಾಂಡ್ ಎಂದರೆ ಒಂದು ಡಬ್ಬ ಅಲ್ಲ. ಆರು ಮೂಲೆಯ ಹೆಕ್ಸಾ ಪ್ಯಾಕ್, ಚೌಕದ ಉದ್ದ ಪ್ಯಾಕ್, ಚಪ್ಪಟೆ ಪ್ಯಾಕ್, ಪೌಚ್. ಹನ್ನೆರಡು ಪ್ಯಾಕು ಹಿಡಿಸುವ ಔಟರ್, ಅದರ ಮೇಲೆ ಕಾರ್ಟನ್ನಿನ ಪ್ರಿಂಟು. ಕರ್ನಾಟಕಕ್ಕೆ ಕನ್ನಡ, ಆಂಧ್ರಕ್ಕೆ ತೆಲುಗು, ತಮಿಳುನಾಡಿಗೆ ತಮಿಳು, ಉತ್ತರಕ್ಕೆ ಹಿಂದಿ. ಎಲ್ಲದರ ಮೇಲೂ ಅದೇ ಕಮಲ, ಅದೇ ಕುಂಕುಮದ ಬಣ್ಣ, ಅದೇ ಗೋಲ್ಡ್ ಅಂಚು. ಅಳತೆ ಮಾತ್ರ ಬೇರೆ ಬೇರೆ.

ಫ್ರೀಹ್ಯಾಂಡಿನಲ್ಲಿ ಇದೆಲ್ಲ ಒಂದೇ ಫೈಲು. 222 ಇಂಚು ಉದ್ದ, 222 ಇಂಚು ಅಗಲದ ಜಾಗ ಅದರಲ್ಲಿತ್ತು. ಅದರ ಮೇಲೆ ಬೇಕಾದಷ್ಟು ಪುಟ ಹಾಕಬಹುದಿತ್ತು, ಒಂದೊಂದು ಪುಟವೂ ಬೇರೆ ಅಳತೆಯದು. ದೊಡ್ಡ ಮೇಜಿನ ಮೇಲೆ ಎಲ್ಲ ಪ್ಯಾಕುಗಳನ್ನೂ ಬಿಡಿಸಿ ಹರಡಿಕೊಂಡ ಹಾಗೆ. ಹೆಕ್ಸಾ ಪ್ಯಾಕಿನ ಕಮಲವನ್ನು ಎಳೆದು ಪಕ್ಕದ ಔಟರಿನ ಮೇಲೆ ಇಟ್ಟು ನೋಡಬಹುದು. ಎಲ್ಲ ಪುಟಕ್ಕೂ ಬರಬೇಕಾದ್ದನ್ನು ಮಾಸ್ಟರ್ ಪೇಜಿನಲ್ಲಿ ಇಟ್ಟರೆ ಅಲ್ಲಿ ಒಮ್ಮೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ಗ್ರಾಹಕರು ಬಂದು ಪಕ್ಕ ಕೂತರೆ ಇಡೀ ಬ್ರ್ಯಾಂಡನ್ನು ಒಂದೇ ನೋಟಕ್ಕೆ ತೋರಿಸಬಹುದಿತ್ತು. ಈ ಮಾಲೀಕರು ಹಾಗೆಯೇ ಸ್ಕ್ರೀನಿನ ಮುಂದೆ ಕೂತು, ಗೋಲ್ಡ್ ಅಂಚು ಔಟರಿನಲ್ಲಿ ದಪ್ಪ ಆಯಿತು, ಚಪ್ಪಟೆ ಪ್ಯಾಕಿನಲ್ಲಿ ಸಣ್ಣ ಆಯಿತು ಎಂದು ಹೇಳುತ್ತಿದ್ದರು. ಅವರ ಕಣ್ಣು ಅಷ್ಟು ಸೂಕ್ಷ್ಮ.

ಇದರ ಜೊತೆಗೆ ಫೈಂಡ್ ಅಂಡ್ ರಿಪ್ಲೇಸ್ ಗ್ರಾಫಿಕ್ಸ್ ಎಂಬುದೊಂದಿತ್ತು. ವರ್ಡ್ ಫೈಲಿನಲ್ಲಿ ಒಂದು ಪದ ಹುಡುಕಿ ಇನ್ನೊಂದು ಪದ ಹಾಕುತ್ತೇವಲ್ಲ, ಅದನ್ನೇ ಚಿತ್ರಕ್ಕೆ ಮಾಡುವುದು. ಈ ಬಣ್ಣ ಇರುವ ಕಡೆಯೆಲ್ಲ ಆ ಬಣ್ಣ ಹಾಕು. ಇಷ್ಟು ಪಾಯಿಂಟಿನ ಗೆರೆ ಇರುವ ಕಡೆಯೆಲ್ಲ ಅಷ್ಟು ಪಾಯಿಂಟ್ ಮಾಡು. ಈ ಫಾಂಟ್ ತೆಗೆದು ಆ ಫಾಂಟ್ ಹಾಕು. ಆಯ್ಕೆ ಮಾಡಿದ್ದಕ್ಕೆ ಮಾತ್ರ ಬೇಕೋ, ಈ ಪುಟಕ್ಕೋ, ಇಡೀ ಫೈಲಿಗೋ ಎಂದೂ ಹೇಳಬಹುದು. ಪ್ರೆಸ್ಸಿನವರು ಅರ್ಧ ಪಾಯಿಂಟಿನ ಗೋಲ್ಡ್ ಗೆರೆ ಪ್ರಿಂಟಿನಲ್ಲಿ ಒಡೆಯುತ್ತಿದೆ, ದಪ್ಪ ಮಾಡಿಕೊಡಿ ಎಂದು ಫೋನ್ ಮಾಡಿದರೆ, ಫೋನ್ ಇಡುವುದರೊಳಗೆ ಆಗಿಬಿಡುತ್ತಿತ್ತು.

ಮೂರನೆಯದು ಆ ಕಮಲದ್ದೇ. ಅದರ ಎಸಳಿಗೆ ನಾನು ಹಾಕಿದ್ದು ಕಾಂಟೂರ್ ಗ್ರೇಡಿಯೆಂಟ್. ಬಣ್ಣ ಎಡದಿಂದ ಬಲಕ್ಕೋ ನಡುವಿನಿಂದ ಸುತ್ತಲಿಗೋ ತಿರುಗುವ ಸಾಮಾನ್ಯ ಗ್ರೇಡಿಯೆಂಟ್ ಅಲ್ಲ ಅದು. ಆಕಾರದ ಅಂಚನ್ನೇ ಹಿಡಿದುಕೊಂಡು ಒಳಗೆ ಹೋಗುತ್ತದೆ. ಎಸಳಿನ ತುದಿ ಚೂಪಾದರೆ ಬಣ್ಣವೂ ಚೂಪಾಗಿ ಒಳಗೆ ಇಳಿಯುತ್ತದೆ. ಎಸಳನ್ನು ಎಳೆದು ಅಗಲ ಮಾಡಿದರೆ ಬಣ್ಣ ತಾನೇ ಹರಡಿಕೊಳ್ಳುತ್ತದೆ. ಅಂಚಿನಲ್ಲಿ ಗಾಢ ಗುಲಾಬಿ, ನಡುವಿಗೆ ಹೋದಂತೆ ತಿಳಿ, ಒಳಗೆ ಹೆಚ್ಚುಕಡಿಮೆ ಬಿಳಿ. ಕಮಲದ ಎಸಳಿಗೆ ಇದಕ್ಕಿಂತ ಒಪ್ಪುವ ಉಪಾಯ ಬೇರೆ ಇರಲಿಲ್ಲ. ಫ್ರೀಹ್ಯಾಂಡಿನ ಕೊನೆಯ ಆವೃತ್ತಿಯಾದ ಎಂಎಕ್ಸ್‌ನಲ್ಲಿ ಇದು ಲೀನಿಯರ್, ರೇಡಿಯಲ್‌ಗಳ ಪಕ್ಕದಲ್ಲೇ ಪಟ್ಟಿಯಲ್ಲಿ ಕೂತಿತ್ತು. ಒಂದು ಕ್ಲಿಕ್ಕಿನ ಕೆಲಸ.

ಇನ್ನು ಫೈಲು ತೆರೆದ ಕಥೆ.

ಮೊದಲು ಬೇಕಾದದ್ದು ಫ್ರೀಹ್ಯಾಂಡ್ ಓಡುವ ಒಂದು ಮೆಷಿನ್. ಮ್ಯಾಕಿನ ಫ್ರೀಹ್ಯಾಂಡ್ ಪವರ್‌ಪಿಸಿ ಚಿಪ್ಪಿಗಾಗಿ ಬರೆದದ್ದು. 2006ರಲ್ಲಿ ಆಪಲ್ ಇಂಟೆಲ್ ಚಿಪ್ಪಿಗೆ ಹೋಯಿತು. ಹಳೇ ಪ್ರೋಗ್ರಾಂಗಳನ್ನು ನಡೆಸಲು ರೊಸೆಟ್ಟಾ ಎಂಬ ವ್ಯವಸ್ಥೆ ಕೊಟ್ಟಿತು. 2011ರಲ್ಲಿ ಮ್ಯಾಕಿನ ಆಪರೇಟಿಂಗ್ ಸಿಸ್ಟಮ್ಮಿನ ಲಯನ್ ಆವೃತ್ತಿ ಬಂದಾಗ ಅದನ್ನೂ ತೆಗೆಯಿತು. ಬೆಳವಣಿಗೆ ನಿಲ್ಲದೆ ಹೋಗಿದ್ದರೆ ಫ್ರೀಹ್ಯಾಂಡಿಗೂ ಇಂಟೆಲ್ ಆವೃತ್ತಿ ಬರುತ್ತಿತ್ತು. ಬರಲಿಲ್ಲ. ಹಾಗಾಗಿ ಪವರ್‌ಪಿಸಿ ಮ್ಯಾಕ್, ಇಲ್ಲವೇ ಲಯನ್ನಿಗಿಂತ ಹಿಂದಿನ ಸ್ನೋ ಲೆಪರ್ಡ್ ಹಾಕಿರುವ ಹಳೇ ಇಂಟೆಲ್ ಮ್ಯಾಕ್ ಬೇಕು. ಎಸ್.ಪಿ. ರೋಡಿನಲ್ಲಿ ಹುಡುಕಿದೆ. ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯ ಒಳಗೆ, ಬಿಚ್ಚಿದ ಲ್ಯಾಪ್‌ಟಾಪುಗಳ ಹಿಂದೆ ಒಂದು 2009ರ ಮ್ಯಾಕ್ ಮಿನಿ ಸಿಕ್ಕಿತು. ಅಂಗಡಿಯವರು ಹಾರ್ಡ್ ಡಿಸ್ಕ್ ಬದಲಾಯಿಸಿ ಸ್ನೋ ಲೆಪರ್ಡ್ ಹಾಕಿಕೊಟ್ಟರು. ಫ್ರೀಹ್ಯಾಂಡಿನ ಡಿಸ್ಕು, ಡಬ್ಬ, ಸೀರಿಯಲ್ ನಂಬರ್ ನನ್ನ ಬಳಿ ಇದ್ದವು. ಹಾಕಿದೆ, ತೆರೆಯಿತು. ಕಮಲ ಬಂತು, ಎಲ್ಲ ಪುಟಗಳೂ ಬಂದವು.

ಅಕ್ಷರ ಮಾತ್ರ ಬರಲಿಲ್ಲ. ಇಂಗ್ಲಿಷಿಗೆ ಬಳಸಿದ್ದು ಟೈಪ್ 1 ಎಂಬ ಹಳೇ ಮಾದರಿಯ ಫಾಂಟುಗಳು. ಕನ್ನಡ, ತೆಲುಗು, ತಮಿಳಿಗೆ ಬಳಸಿದ್ದು ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ, ಬರುವ ಮುಂಚಿನ ಫಾಂಟುಗಳು. ಅವುಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದಿದ್ದರೆ ಕನ್ನಡದ ಸಾಲು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿಯಾಗಿ ಕಾಣುತ್ತದೆ. ಡಿಟಿಪಿ ಮಾಡಿದ ಎಲ್ಲರೂ ಇದನ್ನು ನೋಡಿರುತ್ತಾರೆ. ಹಳೇ ಸಿಡಿಗಳನ್ನು ತಡಕಿ ಫಾಂಟುಗಳನ್ನು ಹೊರತೆಗೆದೆ. ಟೈಪ್ 1 ಫಾಂಟುಗಳಿಗೆ ಅಡೋಬಿ 2023ರ ಜನವರಿಯಿಂದ ಬೆಂಬಲ ನಿಲ್ಲಿಸಿದೆ. ಅಂದರೆ ಹೊಸ ಮೆಷಿನ್ನಿಗೆ ಒಯ್ದು ಪ್ರಯೋಜನವಿಲ್ಲ. ಅಕ್ಷರಗಳನ್ನು ಅಲ್ಲೇ, ಆ ಹಳೇ ಮ್ಯಾಕಿನಲ್ಲೇ ಔಟ್‌ಲೈನ್ ಮಾಡಬೇಕು.

ಹಾಗೆ ಮಾಡುವ ಮೊದಲು ಮೂಲ ಫೈಲಿನ ಪ್ರತಿ ತೆಗೆದಿಟ್ಟೆ. ಔಟ್‌ಲೈನ್ ಮಾಡಿದ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಆಕಾರ. ಪ್ರತಿ ಪುಟವನ್ನೂ ಪಿಡಿಎಫ್ ಮಾಡಿಕೊಂಡೆ, ಮುಂದೆ ಹೋಲಿಸಿ ನೋಡಲು. ಮುಖ್ಯವಾದ ಪ್ರತಿಯೊಂದು ವಸ್ತುವನ್ನೂ ಆಯ್ಕೆ ಮಾಡಿ ಆಬ್ಜೆಕ್ಟ್ ಪ್ಯಾನೆಲ್ಲಿನ ಸ್ಕ್ರೀನ್‌ಶಾಟ್ ತೆಗೆದೆ. ಯಾವ ಬಣ್ಣ, ಎಷ್ಟು ದಪ್ಪ, ಯಾವ ಕ್ರಮ ಎಂಬುದೆಲ್ಲ ಆ ಒಂದೇ ಪ್ಯಾನೆಲ್ಲಿನಲ್ಲಿ ಒಂದರ ಕೆಳಗೆ ಒಂದು ಇರುತ್ತಿತ್ತು. ಸ್ಪಾಟ್ ಕಲರುಗಳ, ಅಂದರೆ ಪ್ರೆಸ್ಸಿನಲ್ಲಿ ಬೇರೆಯೇ ಶಾಯಿಯಾಗಿ ಹಾಕುವ ಬಣ್ಣಗಳ, ಹೆಸರನ್ನು ಹಾಳೆಯ ಮೇಲೆ ಬರೆದುಕೊಂಡೆ. ಗೋಲ್ಡ್ ತಪ್ಪಿ ನಾಲ್ಕು ಬಣ್ಣದ ಹಳದಿಯಾಗಿ ಹೋದರೆ ಪ್ರಿಂಟ್ ಪೂರ್ತಿ ಕೆಡುತ್ತದೆ.

ಆಮೇಲೆ ಹೊರಗೆ ಕಳಿಸುವುದು. ಇಲ್ಲಿ ಮೂರು ದಾರಿ ನೋಡಿದೆ. ಫ್ರೀಹ್ಯಾಂಡಿನಿಂದಲೇ ಇಪಿಎಸ್, ಪಿಡಿಎಫ್ ಮಾಡುವುದು ಒಂದು. ಅಫಿನಿಟಿ ಡಿಸೈನರ್ 2 ಎಂಬ ಬೇರೆ ಡ್ರಾಯಿಂಗ್ ಸಾಫ್ಟ್‌ವೇರ್ ಫ್ರೀಹ್ಯಾಂಡ್ 10 ಮತ್ತು ಎಂಎಕ್ಸ್ ಫೈಲುಗಳನ್ನು ನೇರವಾಗಿ ತೆರೆಯುತ್ತದೆ, ಅದು ಎರಡನೆಯದು. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಡ್ರಾ ಕೂಡ ತೆರೆಯುತ್ತದೆ. ಆ ಕೊನೆಯದರ ಹಿಂದೆ ದೊಡ್ಡ ಶ್ರಮ ಇದೆ. ಫ್ರೀಹ್ಯಾಂಡ್ ಫೈಲಿನ ರಚನೆಯನ್ನು ಯಾವ ಕಂಪನಿಯೂ ಬಹಿರಂಗ ಮಾಡಿಲ್ಲ. 2014ರಲ್ಲಿ ಶುರುವಾದ ಡಾಕ್ಯುಮೆಂಟ್ ಲಿಬರೇಷನ್ ಪ್ರಾಜೆಕ್ಟಿನಂಥ ಗುಂಪಿನವರು ಹಳೇ ಫೈಲುಗಳ ಒಂದೊಂದು ಬೈಟನ್ನೂ ಹೋಲಿಸಿ, ಇದು ಬಣ್ಣ ಇರಬೇಕು, ಇದು ಗೆರೆ ಇರಬೇಕು ಎಂದು ಕಂಡುಹಿಡಿದು ಕೋಡ್ ಬರೆದಿದ್ದಾರೆ. ಅವರಿಗೆ ನಾನು ಮನಸಾರೆ ಕೃತಜ್ಞ. ಫೈಲು ನನ್ನದು, ಡಿಸೈನು ನನ್ನದು, ಅದನ್ನು ಓದುವ ಕೀಲಿ ಮಾತ್ರ ಒಂದು ಕಂಪನಿಯ ಕಪಾಟಿನಲ್ಲಿ ಬಿದ್ದಿದೆ. ಎಲ್ಲೋ ಕೂತ ಅಪರಿಚಿತರು ಆ ಕೀಲಿ ಇಲ್ಲದೆ ಬಾಗಿಲು ತೆಗೆದುಕೊಟ್ಟರು.

ಯಾವ ದಾರಿಯಲ್ಲಿ ಹೋದರೂ ಆಕಾರಗಳು ಬರುತ್ತವೆ. ಬಣ್ಣ ಹೆಚ್ಚುಕಡಿಮೆ ಬರುತ್ತದೆ. ಬಾರದೆ ಹೋಗುವುದು ಮಾಡಿದ ರೀತಿ. ಮಾಸ್ಟರ್ ಪೇಜಿನಲ್ಲಿ ಒಂದೇ ಇದ್ದ ಅಂಚು ಪ್ರತಿ ಪುಟದಲ್ಲೂ ಬೇರೆ ಬೇರೆ ಪ್ರತಿಯಾಗಿ ಬಿದ್ದಿತ್ತು. ಸ್ಟೈಲುಗಳ ಹೆಸರು ಹೋಗಿತ್ತು. ಪೇಸ್ಟ್ ಇನ್‌ಸೈಡ್ ಮಾಡಿದ ವಸ್ತುಗಳು ಒಂದರೊಳಗೊಂದು ಮಾಸ್ಕುಗಳ ಗಂಟಾಗಿ ಬಂದಿದ್ದವು. ಫ್ರೀಹ್ಯಾಂಡಿನಲ್ಲಿ ಒಂದು ಚಿತ್ರವನ್ನು ಕಟ್ ಮಾಡಿ, ಒಂದು ಆಕಾರವನ್ನು ಆಯ್ದು, ಪೇಸ್ಟ್ ಇನ್‌ಸೈಡ್ ಎಂದರೆ ಆಕಾರದೊಳಗೆ ಚಿತ್ರ ಕೂತುಬಿಡುತ್ತಿತ್ತು. ಹೊರಗೆ ತೆಗೆಯುವುದೂ ಅಷ್ಟೇ ಸಲೀಸು. ಆ ಗಂಟುಗಳನ್ನು ಒಂದೊಂದಾಗಿ ಬಿಡಿಸುವುದಕ್ಕೆ ಹೋದ ಸಮಯ ಜಾಸ್ತಿ.

ಕಮಲ ಇನ್ನೂ ಕಷ್ಟವಾಯಿತು. ಒಂದು ಕಡೆ ತೆರೆದಾಗ ಎಸಳುಗಳು ಸಾದಾ ಗುಲಾಬಿ ಬಣ್ಣ ತುಂಬಿಕೊಂಡು ಬಂದವು. ಇನ್ನೊಂದು ಕಡೆ ಗ್ರೇಡಿಯೆಂಟ್ ಇತ್ತು, ಆದರೆ ನೂರಾರು ತೆಳು ಪಟ್ಟಿಗಳಾಗಿ ಕತ್ತರಿಸಿಹೋಗಿತ್ತು. ನೋಡುವುದಕ್ಕೆ ಅದೇ. ಎಸಳನ್ನು ಒಂದು ಮಿಲಿಮೀಟರ್ ಅಗಲ ಮಾಡಲು ಹೋದರೆ ಪಟ್ಟಿಗಳೆಲ್ಲ ಚೆಲ್ಲಾಪಿಲ್ಲಿ.

ಪ್ರೆಸ್ಸಿಗೆ ಬೇಕಾದದ್ದು ಇಲ್ಲಸ್ಟ್ರೇಟರ್ ಫೈಲು. ಹಾಗಾಗಿ ಕಮಲವನ್ನು ಇಲ್ಲಸ್ಟ್ರೇಟರಿನಲ್ಲಿ ಮೊದಲಿನಿಂದ ಕಟ್ಟಿದೆ. ಪ್ರತಿ ಎಸಳಿಗೂ ಹೊರಗೊಂದು ಆಕಾರ, ಒಳಗೊಂದು ಸಣ್ಣ ಆಕಾರ, ನಡುವೆ ಒಂದರ ಬಣ್ಣ ಇನ್ನೊಂದಕ್ಕೆ ತಿರುಗುವ ಬ್ಲೆಂಡ್. ಫಲಿತಾಂಶ ಚೆನ್ನಾಗಿದೆ. ಆದರೆ ಮಾಲೀಕರ ಮಗ ಎಸಳು ಸ್ವಲ್ಪ ದುಂಡಗಿರಲಿ ಎಂದಾಗ ಪ್ರತಿ ಎಸಳಿನ ಎರಡೆರಡು ಆಕಾರಗಳನ್ನೂ ಹೊಂದಿಸಬೇಕಾಯಿತು, ಎರಡೂ ಒಂದಕ್ಕೊಂದು ಒಪ್ಪುವ ಹಾಗೆ. ಮೊದಲು ಒಂದು ಬಿಂದುವನ್ನು ಎಳೆದರೆ ಮುಗಿಯುತ್ತಿದ್ದ ಕೆಲಸ ಅದು. ಇಲ್ಲಸ್ಟ್ರೇಟರಿಗೆ ಫ್ರೀಫಾರ್ಮ್ ಗ್ರೇಡಿಯೆಂಟ್ ಬಂದದ್ದು 2018ರಲ್ಲಿ. ಒಳ್ಳೆಯದೇ. ಆದರೂ ಅದು ಬೇರೆ ಜಾತಿಯದು. ಅಂಚನ್ನು ಹಿಡಿದು ನಡೆಯುವುದಿಲ್ಲ.

ನ್ಯಾಯವಾಗಿ ಹೇಳಬೇಕಾದ್ದು ಇನ್ನೊಂದಿದೆ. ಇಲ್ಲಸ್ಟ್ರೇಟರ್ ಸಣ್ಣ ಸಾಫ್ಟ್‌ವೇರ್ ಅಲ್ಲ. ಟ್ರಾನ್ಸ್‌ಪರೆನ್ಸಿ, ಅಂದರೆ ಹಿಂದಿನದು ಕಾಣುವ ಹಾಗೆ ಮಾಡುವ ವಿಷಯದಲ್ಲಿ ಅದು ಮುಂದೆ ಇತ್ತು. ಇವತ್ತು ಯೂನಿಕೋಡ್ ಕನ್ನಡವನ್ನು ಒತ್ತಕ್ಷರ ಸಮೇತ ಅದರಲ್ಲಿ ನೇರವಾಗಿ ಟೈಪ್ ಮಾಡಬಹುದು. ಈ ಪ್ಯಾಕುಗಳಿಗೆ ಹೊಸ ವಿಳಾಸವನ್ನು ನಾಲ್ಕು ಭಾಷೆಯಲ್ಲಿ ಹಾಕುವಾಗ ಅದು ಬಹಳ ಅನುಕೂಲವಾಯಿತು. ನನಗೆ ಬೇಸರ ಅದರ ಮೇಲಲ್ಲ. ಎರಡೂ ಇದ್ದಾಗ ಒಂದನ್ನು ನೋಡಿ ಇನ್ನೊಂದು ಬೆಳೆಯುತ್ತಿತ್ತು. ಒಂದೇ ಉಳಿದ ಮೇಲೆ ಆ ವೇಗ ಹೋಯಿತು.

ತಾರೀಖುಗಳನ್ನೇ ನೋಡಿ. ಒಂದೇ ಫೈಲಿನಲ್ಲಿ ಹಲವು ಪುಟ ಇಡುವ ಸೌಲಭ್ಯ ಇಲ್ಲಸ್ಟ್ರೇಟರಿಗೆ ಆರ್ಟ್‌ಬೋರ್ಡ್ ಹೆಸರಿನಲ್ಲಿ ಬಂದದ್ದು 2008ರಲ್ಲಿ, ಸಿಎಸ್4 ಆವೃತ್ತಿಯ ಜೊತೆ. ಫ್ರೀಹ್ಯಾಂಡ್ ಬಳಕೆದಾರರು ಅಷ್ಟರಲ್ಲಿ ಅದನ್ನು ಎಷ್ಟೋ ವರ್ಷ ಬಳಸಿ ಆಗಿತ್ತು. ಚೌಕದ ಒಂದೊಂದು ಮೂಲೆಯನ್ನೂ ಬೇರೆ ಬೇರೆಯಾಗಿ ದುಂಡಗೆ ಮಾಡಿ, ಆಮೇಲೆ ಬೇಕೆಂದಾಗ ಬದಲಾಯಿಸುವುದು 2003ರ ಫ್ರೀಹ್ಯಾಂಡ್ ಎಂಎಕ್ಸ್‌ನಲ್ಲೇ ಇತ್ತು. ಇಲ್ಲಸ್ಟ್ರೇಟರಿಗೆ ಲೈವ್ ಕಾರ್ನರ್ಸ್ ಬಂದದ್ದು 2014ರಲ್ಲಿ. ಪ್ರೆಸ್ಸಿಗೆ ಕಳಿಸುವಾಗ ಫಾಂಟು, ಚಿತ್ರಗಳನ್ನೆಲ್ಲ ಒಂದು ಫೋಲ್ಡರಿಗೆ ಸೇರಿಸಿಕೊಡುವ ಕಲೆಕ್ಟ್ ಫಾರ್ ಔಟ್‌ಪುಟ್ ಫ್ರೀಹ್ಯಾಂಡಿನಲ್ಲಿ ಆಗಲೇ ಇತ್ತು. ಇಲ್ಲಸ್ಟ್ರೇಟರಿಗೆ ಅದಕ್ಕೆ ಸಮನಾದ ಪ್ಯಾಕೇಜ್ ಬರಲು ಅಡೋಬಿಯ ಚಂದಾ ವ್ಯವಸ್ಥೆಯಾದ ಕ್ರಿಯೇಟಿವ್ ಕ್ಲೌಡ್ ಕಾಲದವರೆಗೆ ಕಾಯಬೇಕಾಯಿತು. ಮಾಸ್ಟರ್ ಪೇಜ್ ಇವತ್ತಿಗೂ ಬಂದಿಲ್ಲ.

ಈ ನಡುವಿನ ವರ್ಷಗಳಲ್ಲಿ ನಾವು ಏನು ಮಾಡಿದೆವು? ಒಂದು ಬ್ರ್ಯಾಂಡಿಗೆ ಒಂದು ಫೈಲಿದ್ದದ್ದು ಒಂದು ಫೋಲ್ಡರಾಯಿತು. ಅದರೊಳಗೆ ಹೆಕ್ಸಾ ಕನ್ನಡ, ಹೆಕ್ಸಾ ತೆಲುಗು, ಔಟರ್ ಫೈನಲ್, ಔಟರ್ ಫೈನಲ್ ಹೊಸದು ಎಂದೆಲ್ಲ ಫೈಲುಗಳು. ಒಂದು ಬಣ್ಣ ಬದಲಾದರೆ ಎಲ್ಲವನ್ನೂ ತೆರೆದು ತಿದ್ದಬೇಕು. ಸ್ಟುಡಿಯೋದಲ್ಲಿ ಅದಕ್ಕಾಗಿಯೇ ಒಬ್ಬ ಹುಡುಗ ಕೂರುತ್ತಿದ್ದ. ಸಿಎಸ್4 ಬಂದಮೇಲೂ ಎಷ್ಟೋ ಕಡೆ ಆ ಅಭ್ಯಾಸ ಹಾಗೇ ಉಳಿಯಿತು. ಕೈಗೆ ಒಮ್ಮೆ ಅಂಟಿದ ಕ್ರಮ ಬೇಗ ಬಿಡುವುದಿಲ್ಲ.

ಇದು ಹೇಗಾಯಿತು ಎಂಬುದನ್ನು ಈ ಕೆಲಸದ ನೆಪದಲ್ಲಿ ಪೂರ್ತಿ ಓದಿ ತಿಳಿದುಕೊಂಡೆ. ಫ್ರೀಹ್ಯಾಂಡನ್ನು ಬರೆದದ್ದು ಅಮೆರಿಕದ ಟೆಕ್ಸಾಸಿನ ಆಲ್ಟ್‌ಸಿಸ್ ಎಂಬ ಸಣ್ಣ ಕಂಪನಿ. 1988ರಲ್ಲಿ ಅದು ಹೊರಬಂತು. ಮಾರುತ್ತಿದ್ದದ್ದು ಪುಟ ಜೋಡಿಸುವ ಪೇಜ್‌ಮೇಕರ್ ಮಾಡಿದ ಆಲ್ಡಸ್ ಕಂಪನಿ. 1994ರಲ್ಲಿ ಆಲ್ಡಸ್ ಮತ್ತು ಅಡೋಬಿ ಒಂದಾದವು. ಆಗ ಅಲ್ಲಿ ವ್ಯಾಪಾರದ ಸ್ಪರ್ಧೆಯನ್ನು ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅಡ್ಡ ಬಂತು. ಮ್ಯಾಕಿನಲ್ಲಿ ವೃತ್ತಿಪರರು ಚಿತ್ರ ಬಿಡಿಸಲು ಬಳಸುವ ಮುಖ್ಯ ಸಾಫ್ಟ್‌ವೇರ್ ಇರುವುದೇ ಎರಡು, ಇಲ್ಲಸ್ಟ್ರೇಟರ್ ಮತ್ತು ಫ್ರೀಹ್ಯಾಂಡ್. ಎರಡೂ ಒಬ್ಬರ ಕೈಗೆ ಹೋಗಬಾರದು ಎಂಬುದು ಅದರ ವಾದ. ಫ್ರೀಹ್ಯಾಂಡನ್ನು ಆಲ್ಟ್‌ಸಿಸ್‌ಗೆ ವಾಪಸ್ ಕೊಡಿಸಿತು. ಮುಂದಿನ ಹತ್ತು ವರ್ಷ ಅಡೋಬಿ ಇಂಥ ಸಾಫ್ಟ್‌ವೇರನ್ನು ಕಮಿಷನ್ನಿನ ಒಪ್ಪಿಗೆ ಇಲ್ಲದೆ ಕೊಳ್ಳುವಂತಿಲ್ಲ ಎಂದೂ ಆದೇಶ ಮಾಡಿತು.

1995ರ ಆರಂಭದಲ್ಲಿ ಆಲ್ಟ್‌ಸಿಸ್ಸನ್ನು ಮ್ಯಾಕ್ರೋಮೀಡಿಯಾ ಕೊಂಡಿತು. ಫ್ರೀಹ್ಯಾಂಡಿನ ಒಳ್ಳೆಯ ವರ್ಷಗಳು ಅವು. ಹತ್ತು ವರ್ಷದ ಗಡುವು 2004ರಲ್ಲಿ ಮುಗಿಯಿತು. 2005ರ ಏಪ್ರಿಲ್ 18ರಂದು ಅಡೋಬಿ ಮ್ಯಾಕ್ರೋಮೀಡಿಯಾವನ್ನೇ ಸುಮಾರು 3.4 ಬಿಲಿಯನ್ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಡಿಸೆಂಬರಿನಲ್ಲಿ ಖರೀದಿ ಮುಗಿಯಿತು. ಎಲ್ಲರ ಕಣ್ಣೂ ಇದ್ದದ್ದು ವೆಬ್ ಆ್ಯನಿಮೇಷನ್ನಿನ ಫ್ಲ್ಯಾಶ್ ಮೇಲೆ. ಅಷ್ಟು ದೊಡ್ಡ ವ್ಯವಹಾರದಲ್ಲಿ ಫ್ರೀಹ್ಯಾಂಡ್ ಜೊತೆಗೆ ಬಂದ ಒಂದು ಸಣ್ಣ ಸಾಮಾನು. 2007ರ ಮೇ ತಿಂಗಳಲ್ಲಿ, ಇನ್ನು ಅದನ್ನು ಬೆಳೆಸುವುದಿಲ್ಲ ಎಂದು ಕಂಪನಿ ತಿಳಿಸಿತು. 2003ರಲ್ಲಿ ಬಂದ ಎಂಎಕ್ಸ್ ಆವೃತ್ತಿಯೇ ಕೊನೆಯದಾಯಿತು.

ಬಳಕೆದಾರರು ಸುಮ್ನೆ ಕೂರಲಿಲ್ಲ. ಫ್ರೀ ಫ್ರೀಹ್ಯಾಂಡ್ ಎಂಬ ಸಂಘಟನೆ ಕಟ್ಟಿದರು. ಒಂದೋ ಫ್ರೀಹ್ಯಾಂಡನ್ನು ಬೆಳೆಸಿ, ಇಲ್ಲವೇ ಬೇರೆಯವರಿಗೆ ಬಿಟ್ಟುಕೊಡಿ ಎಂಬುದು ಅವರ ಬೇಡಿಕೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಏಕಸ್ವಾಮ್ಯದ ವಿರುದ್ಧ ದಾವೆ ಹೂಡಿದರು. 2012ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಫ್ರೀಹ್ಯಾಂಡ್ ಬಿಡುಗಡೆಯಾಗಲಿಲ್ಲ. ಅದೇ ಖರೀದಿಯಲ್ಲಿ ಬಂದಿದ್ದ ಫೈರ್‌ವರ್ಕ್ಸ್ ಕೂಡ 2013ರಲ್ಲಿ ನಿಂತಿತು. ವೆಬ್‌ಸೈಟುಗಳ ಡಿಸೈನು ಮಾಡುತ್ತಿದ್ದ ನನ್ನ ಗೆಳೆಯರು ಇವತ್ತಿಗೂ ಅದರ ಹೆಸರು ಹೇಳುತ್ತಾರೆ.

ಪೇಜ್‌ಮೇಕರಿನ ವಿಷಯ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. 1994ರಲ್ಲಿ ಅದೂ ಕೈ ಬದಲಾಯಿಸಿತು. 2001ರ 7ನೇ ಆವೃತ್ತಿಯೇ ಕೊನೆ. ಅದಕ್ಕೆ ಯೂನಿಕೋಡ್ ಬರಲೇ ಇಲ್ಲ. ಆದರೂ ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಆಹ್ವಾನ ಪತ್ರಿಕೆ, ಕರಪತ್ರ, ಪುಸ್ತಕಗಳು ವರ್ಷಾನುಗಟ್ಟಲೆ ಅದರಲ್ಲೇ ಆದವು, ಹಳೇ ಎನ್‌ಕೋಡಿಂಗಿನ ನುಡಿ ಫಾಂಟುಗಳಲ್ಲಿ. ಆ ಪುಸ್ತಕಗಳ ಪಠ್ಯವನ್ನು ಯೂನಿಕೋಡಿಗೆ ತರಲು ಈಗ ಪಡುತ್ತಿರುವ ಪಾಡು ಪ್ರಕಾಶಕರನ್ನು ಕೇಳಿದರೆ ಗೊತ್ತಾಗುತ್ತದೆ.

ಊದುಬತ್ತಿ ಪ್ಯಾಕುಗಳ ಕೆಲಸ ಮುಗಿಯಿತು. ಅಂಚಿನ ಗೋಲ್ಡ್ ಗೆರೆಗಳನ್ನು, ಒಂದೇ ಬಗೆಯವನ್ನೆಲ್ಲ ಆಯ್ದುಕೊಡುವ ಸೆಲೆಕ್ಟ್ ಸೇಮ್ ಬಳಸಿ ಒಂದೊಂದು ದಪ್ಪದವನ್ನು ಆಯ್ದು ತಿದ್ದಿದೆ. ಕನ್ನಡ, ತೆಲುಗು, ತಮಿಳು, ಹಿಂದಿ ಸಾಲುಗಳನ್ನು ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿದೆ. ಹಳೇ ಮ್ಯಾಕಿನಿಂದ ತೆಗೆದ ಪಿಡಿಎಫ್ ಕೆಳಗಿಟ್ಟು, ಹೊಸದನ್ನು ಮೇಲಿಟ್ಟು ಎಸಳು ಎಸಳಾಗಿ ಹೋಲಿಸಿ ನೋಡಿದೆ. ಮಾಲೀಕರೇ ಪ್ರೂಫ್ ನೋಡಲು ಬಂದರು. ಕನ್ನಡಕ ಹಾಕಿಕೊಂಡು ಹೆಕ್ಸಾ ಪ್ಯಾಕನ್ನು ಬೆಳಕಿಗೆ ಹಿಡಿದರು. "ಎಸಳಿನ ಒಳಗಿನ ಬಿಳಿ ಒಂಚೂರು ಜಾಸ್ತಿ ಆಯ್ತಲ್ಲಪ್ಪ" ಎಂದರು. ಸರಿಯಾಗಿಯೇ ಹೇಳಿದರು. ಬ್ಲೆಂಡಿನಲ್ಲಿ ಒಳ ಆಕಾರ ಇಟ್ಟ ಕಡೆ ಬಿಳಿ ಗಟ್ಟಿಯಾಗಿ ನಿಂತಿತ್ತು. ಒಳ ಆಕಾರಗಳನ್ನು ಸಣ್ಣ ಮಾಡಿ ಕೊಟ್ಟ ಮೇಲೆ ಒಪ್ಪಿದರು.

ಇಷ್ಟೆಲ್ಲ ಆದಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕಂಪನಿ ಕಂಪನಿಯನ್ನು ಕೊಳ್ಳುವುದು ವ್ಯಾಪಾರ, ಇರಲಿ. ಕೊಂಡ ಸಾಫ್ಟ್‌ವೇರನ್ನು ನಿಲ್ಲಿಸುವುದಾದರೆ ಅದರ ಫೈಲಿನ ರಚನೆಯನ್ನು ಪೂರ್ತಿ ಬಹಿರಂಗ ಮಾಡಬೇಕು. ಖರೀದಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆಗಳು ಇದನ್ನು ಷರತ್ತಾಗಿ ಹಾಕಬೇಕು. ಅದರಿಂದ ಕೊಂಡವರಿಗೆ ನಷ್ಟವೇನೂ ಇಲ್ಲ, ಹೇಗೂ ಅವರಿಗೆ ಅದು ಬೇಡವಾದ ಸಾಮಾನು. ಅದರಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಅದು ಜೀವಮಾನದ ದುಡಿಮೆ.

ಸಂಸ್ಥೆಗಳು ಮನಸ್ಸು ಮಾಡಿದರೆ ಆಗುತ್ತದೆ ಎಂಬುದನ್ನೂ ನೋಡಿದ್ದೇವೆ. 2022ರ ಸೆಪ್ಟೆಂಬರಿನಲ್ಲಿ ಅಡೋಬಿ 20 ಬಿಲಿಯನ್ ಡಾಲರಿಗೆ ಆ್ಯಪ್ ಡಿಸೈನ್ ಸಾಫ್ಟ್‌ವೇರ್ ಫಿಗ್ಮಾವನ್ನು ಕೊಳ್ಳುವುದಾಗಿ ಹೇಳಿತು. ಬ್ರಿಟನ್ನಿನ ಮತ್ತು ಯುರೋಪಿಯನ್ ಒಕ್ಕೂಟದ ಸ್ಪರ್ಧಾ ನಿಯಂತ್ರಕರು ಆಕ್ಷೇಪ ಎತ್ತಿದರು. 2023ರ ಡಿಸೆಂಬರ್ 18ರಂದು ಎರಡೂ ಕಂಪನಿಗಳು ಒಪ್ಪಂದ ಕೈಬಿಟ್ಟವು. ಅಡೋಬಿ 1 ಬಿಲಿಯನ್ ಡಾಲರ್ ಫಿಗ್ಮಾಗೆ ಕೊಡಬೇಕಾಯಿತು. ಬೆಂಗಳೂರಿನಲ್ಲಿ ಆ್ಯಪ್‌ಗಳ ಡಿಸೈನ್ ಮಾಡುವ ಹುಡುಗರಲ್ಲಿ ಎಷ್ಟು ಜನ ದಿನವಿಡೀ ಫಿಗ್ಮಾದಲ್ಲೇ ಕೂರುತ್ತಾರೆ ಎಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ನಮ್ಮ ದೇಶದಲ್ಲೂ 2024ರ ಸೆಪ್ಟೆಂಬರಿನಿಂದ ಹೊಸ ನಿಯಮ ಬಂದಿದೆ. 2,000 ಕೋಟಿ ರೂಪಾಯಿ ಮೀರಿದ ಖರೀದಿಯಾಗಿದ್ದು, ಮಾರಾಟವಾಗುವ ಕಂಪನಿಗೆ ಇಲ್ಲಿ ಗಣನೀಯ ವ್ಯವಹಾರ ಇದ್ದರೆ ಭಾರತೀಯ ಸ್ಪರ್ಧಾ ಆಯೋಗಕ್ಕೆ ತಿಳಿಸಲೇಬೇಕು. ಸಾಫ್ಟ್‌ವೇರ್ ಬಳಸುವ ನಮ್ಮಂಥವರ ಮಾತು ಆ ಆಯೋಗದ ಕಿವಿಗೂ ಬೀಳಬೇಕು.

ನನ್ನ ಫೈಲು ತೆರೆಯಲು ನೆರವಾದ ಅಫಿನಿಟಿಯನ್ನೂ 2024ರ ಮಾರ್ಚಿನಲ್ಲಿ ಆನ್‌ಲೈನ್ ಡಿಸೈನ್ ಕಂಪನಿ ಕ್ಯಾನ್ವಾ ಕೊಂಡಿದೆ. 2025ರ ಅಕ್ಟೋಬರಿನಲ್ಲಿ ಡಿಸೈನರ್, ಫೋಟೋ, ಪಬ್ಲಿಷರ್ ಮೂರನ್ನೂ ಸೇರಿಸಿ ಒಂದೇ ಆ್ಯಪ್ ಮಾಡಿ, ಕ್ಯಾನ್ವಾ ಖಾತೆ ಇದ್ದವರಿಗೆ ಉಚಿತ ಮಾಡಿದರು. ಒಳ್ಳೆಯದಾಗಲಿ ಎಂದೇ ನನ್ನ ಆಸೆ. ಆದರೂ ಈಗ ಯಾವ ಕೆಲಸ ಮುಗಿದರೂ ಮೂಲ ಫೈಲಿನ ಜೊತೆ ಪಿಡಿಎಫ್, ಎಸ್‌ವಿಜಿ ಎರಡನ್ನೂ ಇಡುತ್ತೇನೆ. ಬಣ್ಣ, ಫಾಂಟು, ಅಳತೆಗಳನ್ನು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತೇನೆ.

ನಿಮ್ಮ ಬಳಿಯೂ ಹಳೇ ಫ್ರೀಹ್ಯಾಂಡ್ ಫೈಲುಗಳಿದ್ದರೆ ತಡ ಮಾಡಬೇಡಿ. ಫೈಲಿನ ಹೆಸರಿನ ಕೊನೆಯಲ್ಲಿ ಎಫ್‌ಎಚ್10 ಅಥವಾ ಎಫ್‌ಎಚ್11 ಎಂದಿದ್ದು, ನಿಮ್ಮ ಬಳಿ ಅಫಿನಿಟಿ ಡಿಸೈನರ್ 2 ಇದ್ದರೆ ಅದರಲ್ಲಿ ಪ್ರಯತ್ನಿಸಿ. ಅದಕ್ಕಿಂತ ಹಳೆಯದಾದರೆ ಲಿಬ್ರೆಆಫೀಸ್ ಡ್ರಾ ನೋಡಿ. ಹಳೇ ಮ್ಯಾಕ್ ಇನ್ನೂ ಓಡುತ್ತಿದ್ದರೆ ಮೊದಲು ಅದರಲ್ಲೇ ಎಲ್ಲ ಪುಟಗಳ ಪಿಡಿಎಫ್ ತೆಗೆದುಕೊಳ್ಳಿ, ಫಾಂಟುಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ, ಆಮೇಲೆ ಮುಂದಿನದು. ನನ್ನ ಕಪಾಟಿನಲ್ಲಿ ಸ್ವೀಟ್ ಬಾಕ್ಸುಗಳದ್ದು, ಒಂದು ಕಾಫಿ ಪುಡಿ ಬ್ರ್ಯಾಂಡಿನದ್ದು, ಹಲವು ಲೋಗೋಗಳದ್ದು ಇನ್ನೂ ಬಾಕಿ ಇವೆ. ಆ ಮ್ಯಾಕ್ ಮಿನಿ ನಡೆಯುತ್ತಿರುವಾಗಲೇ ಅವನ್ನೂ ಹೊರಗೆ ತರಬೇಕು. ಈ ವಾರ ಕಾಫಿ ಪುಡಿಯ ಸಿಡಿ ಹಾಕಿದ್ದೇನೆ.